ಯೂನಿವರ್ಸಿಟಿ

ಜಗತ್ತಿನ ವಿದ್ಯೆಯೆಲ್ಲ ಒಂದೇ ಸೂರಿನಡಿ ಸಿಗುವ ಜಾಗವೇ ಯೂನಿವರ್ಸಿಟಿ ಎಂದು ನಮ್ಮ ‘ವಿಶ್ವವಿದ್ಯಾಲಯ’ ನಂಬಿಸುತ್ತದೆ. ಲ್ಯಾಟಿನ್ನಿನ ‘ಯೂನಿವರ್ಸಿಟಾಸ್’ಗೆ ಅಷ್ಟು ದೊಡ್ಡ ಆಸೆ ಇರಲಿಲ್ಲ. ಹಲವರು ಸೇರಿ ಒಂದಾದ ಕೂಟ, ಕಾನೂನು ಒಪ್ಪುವ ಸಂಘ ಎಂದಷ್ಟೇ ಅದರ ಅರ್ಥ. ಮಧ್ಯಯುಗದಲ್ಲಿ ಕಸುಬುದಾರರ ಸಂಘಕ್ಕೂ ಊರಿನ ಪೌರರ ಕೂಟಕ್ಕೂ ಇದೇ ಪದ ಸಲ್ಲುತ್ತಿತ್ತು. ಓದುವ ಜಾಗದ ಹೆಸರು ಬೇರೆ: ‘ಸ್ಟುಡಿಯಂ ಜನರಾಲೆ’.

ಇಟಲಿಯ ಬೊಲೊನ್ಯಾದಲ್ಲಿ ಸಂಘ ಕಟ್ಟಿದವರು ವಿದ್ಯಾರ್ಥಿಗಳು. ಕಾನೂನು ಕಲಿಯಲು ದೂರದಿಂದ ಬಂದ ಪರಸ್ಥಳದವರು. ಊರಿನವರಿಗಿದ್ದ ಹಕ್ಕು ಇವರಿಗಿರಲಿಲ್ಲ, ಮನೆ ಬಾಡಿಗೆಯ ಕಾಟ ಬೇರೆ. ಒಗ್ಗಟ್ಟಾದ ಮೇಲೆ ಮೇಷ್ಟ್ರುಗಳೂ ಅವರ ಹಿಡಿತಕ್ಕೆ ಬಂದರು. ಪಾಠ ತಡವಾಗಿ ಶುರುಮಾಡಿದರೆ ದಂಡ, ಗಂಟೆ ಬಾರಿಸಿದ ಮೇಲೂ ಮುಂದುವರಿಸಿದರೆ ದಂಡ, ಕೇಳಲು ಐದು ಮಂದಿಯೂ ಬಾರದಿದ್ದರೆ ಅದಕ್ಕೂ ದಂಡ! ರಜೆ ಬೇಕಿದ್ದರೆ ವಿದ್ಯಾರ್ಥಿಗಳ ಅಪ್ಪಣೆ ಕೇಳಬೇಕಿತ್ತು. (ಇಂದಿನ ಪ್ರಾಧ್ಯಾಪಕರು ಇದನ್ನು ತರಗತಿಯಲ್ಲಿ ಹೇಳದಿರುವುದೇ ಕ್ಷೇಮ.)

ಪ್ಯಾರಿಸಿನಲ್ಲಿ ಸಂಘ ಗುರುಗಳದು. 1229ರಲ್ಲಿ ಹೆಂಡದಂಗಡಿಯ ಜಗಳವೊಂದು ಬೆಳೆದು ಕಾವಲುಪಡೆಯ ಕೈಯಲ್ಲಿ ವಿದ್ಯಾರ್ಥಿಗಳು ಸತ್ತಾಗ, ಗುರುಗಳು ಪಾಠ ನಿಲ್ಲಿಸಿದರು, ಅನೇಕರು ಊರನ್ನೇ ಬಿಟ್ಟರು. ಕೆಲವರು ಆಕ್ಸ್‌ಫರ್ಡ್ ಸೇರಿದರು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಪ್ಯಾರಿಸಿನ ಸಂಘದ ಹಕ್ಕುಗಳನ್ನು ಮಾನ್ಯ ಮಾಡಿದ. ಅನ್ಯಾಯವಾದರೆ ಪಾಠ ನಿಲ್ಲಿಸುವ ಹಕ್ಕೂ ಅವುಗಳಲ್ಲಿತ್ತು.

ಮುಂದೆ ‘ಸ್ಟುಡಿಯಂ’ ಬಳಕೆ ತಪ್ಪಿತು, ಸಂಘದ ಹೆಸರೇ ವಿದ್ಯಾಸಂಸ್ಥೆಗೆ ಅಂಟಿಕೊಂಡಿತು.