ಹೀಲಿಯಂ ಪರಮಾಣುವಿನ ಲೆಕ್ಕ

ಬೆಳ್ತಂಗಡಿ ತಾಲ್ಲೂಕಿನ ಗುರುವಾಯನಕೆರೆಯ ದಡದಲ್ಲಿ, ಪರಸ್ಪರ ಮುಖ ನೋಡಲೊಲ್ಲದ ಇಬ್ಬರು ರಾತ್ರಿ ಸುತ್ತುತ್ತಿರುವರೆಂದು ಭಾವಿಸೋಣ. ಮತ್ತೊಬ್ಬನು ಸಾಮಾನ್ಯವಾಗಿ ಯಾವ ಕಡೆ ಇರುವನೆಂಬುದನ್ನು ಮಾತ್ರ ತಿಳಿದು ದಾರಿ ಹಿಡಿಯುವುದು ಒಂದು ಬಗೆ. ಅವನ ಕೈಯ ಲಾಂದ್ರವು ಈ ಕ್ಷಣದಲ್ಲಿ ಎಲ್ಲಿದೆಯೆಂದು ನೋಡಿ ದೂರ ಸರಿಯುವುದು ಇನ್ನೊಂದು ಬಗೆ. ಹೀಲಿಯಂ ಪರಮಾಣುವಿನ ಎರಡು ಎಲೆಕ್ಟ್ರಾನುಗಳನ್ನು ವಿದ್ವಾಂಸರು ಈ ಎರಡು ಬಗೆಯಲ್ಲಿಯೂ ಕಂಡಿರುವರು.

1928ರಲ್ಲಿ ಕೇಂಬ್ರಿಜ್ಜಿನ ಡಗ್ಲಸ್ ಹಾರ್ಟ್ರೀ ಮೊದಲನೆಯ ಬಗೆಯನ್ನು ಹಿಡಿದನು. ಪ್ರತಿಯೊಂದು ಎಲೆಕ್ಟ್ರಾನೂ ಉಳಿದವುಗಳ ಸರಾಸರಿ ಕ್ಷೇತ್ರದಲ್ಲಿ ಚಲಿಸುವುದೆಂದು ಗಣಿಸಿ, ಊಹಿಸಿದ ಕ್ಷೇತ್ರವೂ ಲಭಿಸಿದ ಕ್ಷೇತ್ರವೂ ಒಂದಾಗುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು ಆತನ ಕ್ರಮ. ಈ ಗುಣಾಕಾರ ಭಾಗಾಕಾರಗಳಿಗೆ ಅವನ ವೃದ್ಧ ತಂದೆಯೂ ಕೈಜೋಡಿಸಿದನೆಂಬುದು ನಮಗೆ ಪ್ರಿಯವಾದ ಸಂಗತಿ. 1930ರಲ್ಲಿ ರಷ್ಯದ ಫಾಕ್ ಇದನ್ನು ತಿದ್ದಿದನು. ಹೀಲಿಯಮ್ಮಿನ ಎರಡೂ ಎಲೆಕ್ಟ್ರಾನುಗಳನ್ನು ಕಿತ್ತು ಹಾಕಲು 79.0 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಈ ಕ್ರಮವು ಕೊಡುವುದು 77.9. ಕೊರತೆ ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ಆದರೆ ಹೈಡ್ರೋಜನ್ ಅಣುವನ್ನು ಎರಡಾಗಿ ಒಡೆಯಲು ಸುಮಾರು 4.5 ಸಾಕೆಂಬುದನ್ನು ನೆನೆದರೆ, ರಸಾಯನಶಾಸ್ತ್ರಕ್ಕೆ ಈ ಕೊರತೆಯು ಅಲ್ಪವಲ್ಲ.

ಇದನ್ನು ತುಂಬಿದವನು ನಾರ್ವೆಯ ಹಿಲೆರಾಸ್. ಗಟಿಂಗೆನ್ನಿನಲ್ಲಿ ಈ ಸಮಸ್ಯೆಯನ್ನು ಅವನಿಗೆ ಒಪ್ಪಿಸಿದವರು ಮ್ಯಾಕ್ಸ್ ಬಾರ್ನ್. ಮೊದಲು ಪದಗಳನ್ನು ಕೂಡಿಸುತ್ತ ಹೋದರೂ ಉತ್ತರವು ಬಲು ನಿಧಾನವಾಗಿ ಸಮೀಪಿಸಿತು. 1929ರಲ್ಲಿ ಅವನು ಎರಡು ಎಲೆಕ್ಟ್ರಾನುಗಳ ನಡುವಣ ದೂರವನ್ನೇ ಸೂತ್ರದೊಳಕ್ಕೆ ತಂದನು. ಮೂರೇ ಪದಗಳಿಂದ ಕೊರತೆಯ ಬಹುಪಾಲು ತುಂಬಿಹೋಯಿತು!

ಆ ಬಾರ್ನ್ ಮಹಾಶಯರು ನಮ್ಮ ಬೆಂಗಳೂರಿಗೂ ಬಂದಿದ್ದರು. 1933ರಲ್ಲಿ ಹಿಟ್ಲರನ ಆಡಳಿತವು ಅವರ ಪದವಿಯನ್ನು ಕಿತ್ತುಕೊಂಡಿತು. ರಾಮನ್ ಅವರ ಆಹ್ವಾನದ ಮೇರೆಗೆ 1935-36ರ ಚಳಿಗಾಲವನ್ನು ಅವರು ಭಾರತೀಯ ವಿಜ್ಞಾನ ಮಂದಿರದಲ್ಲಿ ಕಳೆದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಬೇಕೆಂದು ರಾಮನ್ ಯತ್ನಿಸಿದರು, ಅದು ಕೈಗೂಡಲಿಲ್ಲ. 1936ರಲ್ಲಿ ಎಡಿನ್‌ಬರೋ ನಗರವು ಅವರನ್ನು ಪಡೆಯಿತು. ಗಟಿಂಗೆನ್ನಿನ ಪರಂಪರೆಯೊಂದು ನಮ್ಮ ಅಂಗಳಕ್ಕೆ ತಾನಾಗಿ ಬಂದು ನಿಂತಿದ್ದಾಗ ಕುಳ್ಳಿರಿಸಲು ಮಣೆ ಹಾಕದೆ ಹೋದೆವೆಂದು ನಮಗೆ ಇಂದಿಗೂ ಖೇದವಾಗುತ್ತದೆ.

ಹಿಲೆರಾಸನ ಉಪಾಯವು ದೊಡ್ಡ ಪರಮಾಣುಗಳಲ್ಲಿ ಸಾಗದು. ಹತ್ತು ಎಲೆಕ್ಟ್ರಾನುಗಳ ನಿಯಾನಿನಲ್ಲಿ ಜೋಡಿಗಳೇ 45. ಜೋಡಿಗಳ ಚಲನೆಯನ್ನು ಗೊಂಚಲುಗಳಾಗಿ ಹೆಣೆಯುವ ಮಾರ್ಗವನ್ನು ಪರಮಾಣು ಭೌತದ ಕೇಂದ್ರಬೀಜದ ಶಾಖೆಯಿಂದ ಎರವಲು ತಂದು, 1966ರಲ್ಲಿ ಚೀಝೆಕ್ ಎಂಬ ವಿದ್ವಾಂಸನು ಎಲೆಕ್ಟ್ರಾನುಗಳಿಗೆ ಅನ್ವಯಿಸಿದನು. ಮುಂದೆ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಭಾನು ಪ್ರತಾಪ ದಾಸ್ ಮತ್ತು ಅವರ ಸಂಗಡಿಗರು ಇದೇ ಮಾರ್ಗಕ್ಕೆ ಸಾಪೇಕ್ಷತಾವಾದವನ್ನು ಬೆಸೆದು, ಭಾರವಾದ ಪರಮಾಣುಗಳ ಲೆಕ್ಕವನ್ನು ಕೈಗೊಂಡರು.