ರಿದಮ್ ಅಂಡ್ ಬ್ಲೂಸ್ ಸಂಗೀತದ ಉದಯ

ಅಮೆರಿಕದ ದಕ್ಷಿಣ ಸೀಮೆಯಲ್ಲಿ ದಾಸ್ಯಪದ್ಧತಿಯು 1865ರಲ್ಲಿಯೇ ಶಾಸನತಃ ಕೊನೆಗೊಂಡಿದ್ದರೂ, ಅನ್ಯರ ಹತ್ತಿಯ ಹೊಲಗಳನ್ನು ಪಾಲಿಗೆ ಉತ್ತು, ಸುಗ್ಗಿ ಮುಗಿದ ಮೇಲೂ ಧಣಿಯ ಸಾಲ ತೀರದೆ, ವರ್ಣಭೇದದ ಕಾನೂನುಗಳ ಕೆಳಗೆ ಬಾಳು ಸವೆಸುತ್ತಿದ್ದ ಕಪ್ಪು ಜನರಲ್ಲಿ ಸುಮಾರು 60 ಲಕ್ಷ ಮಂದಿ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಮೊದಲ್ಗೊಂಡು 1970ರ ವರೆಗೆ, ಹುಟ್ಟಿದ ನೆಲವನ್ನು ತೊರೆದು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಸಾಗಿದರು. ಅವರ ಗಂಟುಮೂಟೆ ಅಲ್ಪವಾಗಿದ್ದರೂ ಕಂಠದಲ್ಲಿ ಎರಡು ಸಂಪತ್ತುಗಳಿದ್ದವು: ದುಡಿಮೆಯ ದುಃಖವನ್ನು ಹಾಡಿಕೊಳ್ಳುವ ಬ್ಲೂಸ್ ಒಂದು, ಇಗರ್ಜಿಯಲ್ಲಿ ಕೈತಟ್ಟಿ, ಕರೆಗೆ ಓಗೊಟ್ಟು ಸಮೂಹವೇ ಹಾಡುವ ಭಕ್ತಿಗಾನ ಮತ್ತೊಂದು. ಇವೆರಡೂ ನಗರದ ಜಾಜ್ ವಾದ್ಯಮೇಳದೊಡನೆ ಬೆರೆತು ಹುಟ್ಟಿದ ರಿದಮ್ ಅಂಡ್ ಬ್ಲೂಸ್ ಸಂಗೀತದ ಚರಿತ್ರೆಯನ್ನು ನೋಡಿದರೆ, ಕಷ್ಟಕಾಲವು ಒಡ್ಡಿದ ಅಡ್ಡಿಗಳನ್ನೇ ಆ ಜನರು ಕಲೆಯ ಲಕ್ಷಣಗಳನ್ನಾಗಿ ಮಾರ್ಪಡಿಸಿಕೊಂಡ ಬಗೆ ಸ್ಪಷ್ಟವಾಗುತ್ತದೆ.

1941ರ ಜೂನ್ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ವರ್ಣಭೇದ ಕೂಡದೆಂದು ಆಜ್ಞೆ ಹೊರಡಿಸಿದ ಮೇಲೆ, ಲಾಸ್ ಏಂಜಲೀಸ್, ಡೆಟ್ರಾಯಿಟ್ ಮೊದಲಾದ ನಗರಗಳಲ್ಲಿ ಈ ವಲಸೆಗಾರರ ಕೈಗೆ ಕೂಲಿಯ ಹಣ ಬರತೊಡಗಿತು. ದುಡಿದು ದಣಿದವರು ಶನಿವಾರದ ಇರುಳು ಕುಣಿದು ಹಗುರಾಗುವಂಥ ಸಂಗೀತವನ್ನು ಬಯಸಿದರು. ಆದರೆ ಎರಡನೆಯ ಮಹಾಯುದ್ಧದ ಕಾಲದ ಪೆಟ್ರೋಲು, ಟೈರುಗಳ ಅಭಾವದಿಂದಲೂ, 1944ರಲ್ಲಿ ನೃತ್ಯಶಾಲೆಗಳ ಮೇಲೆ ಬಿದ್ದ ತೆರಿಗೆಯಿಂದಲೂ ದೊಡ್ಡ ಜಾಜ್ ಮೇಳಗಳನ್ನು ಊರಿಂದೂರಿಗೆ ನಡೆಸುವುದು ದುಸ್ಸಾಧ್ಯವಾಗಲು, ಅರ್ಕನ್ಸಾ ರಾಜ್ಯದ ಲೂಯಿ ಜೋರ್ಡನ್ನರು ತಾವು ಮೊದಲೇ ಕಟ್ಟಿದ್ದ ಕೆಲವೇ ವಾದ್ಯಗಾರರ 'ಟಿಂಪನಿ ಫೈವ್' ಮೇಳದೊಡನೆ, ಸ್ಯಾಕ್ಸೊಫೋನಿನ ಗಡಸು ನಾದ, ಉರುಳುವ ಪಿಯಾನೊ, ವಿನೋದದ ಹಾಡುಗಾರಿಕೆ ಇವುಗಳಿಂದ ಸಭೆಯನ್ನೇ ಕುಣಿಸಿದರು. ಟಿ-ಬೋನ್ ವಾಕರ್ ವಿದ್ಯುತ್ ಗಿಟಾರಿಗೆ ಗಾಯಕನ ಸಮಕ್ಕೆ ನಿಲ್ಲುವ ದನಿಯನ್ನು ಕೊಟ್ಟರು. 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೊಗೆ ಬಂದ ಮಡ್ಡಿ ವಾಟರ್ಸರು, ಗದ್ದಲದ ಮದ್ಯಶಾಲೆಗಳಲ್ಲಿ ತಂತಿಯ ಮಿಡಿತ ಕೇಳಿಸಬೇಕಾದರೆ ಬೇರೆ ದಾರಿಯಿಲ್ಲವೆಂದು ಕಂಡು, ಹಳ್ಳಿಯ ಬ್ಲೂಸಿಗೂ ಅದೇ ವಾದ್ಯವನ್ನು ಅಳವಡಿಸಿಕೊಂಡರು.

ಕಪ್ಪು ಜನರು ಹಾಡಿದ ಗ್ರಾಮಫೋನ್ ತಟ್ಟೆಗಳನ್ನು ಕಪ್ಪು ಜನರೇ ಕೊಳ್ಳುವರೆಂಬುದು 1920ರಲ್ಲಿ ಮ್ಯಾಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಮುದ್ರಿಕೆಯಿಂದಲೇ ಸಿದ್ಧವಾಗಿತ್ತು. ಆದರೆ ಗ್ರಾಮಫೋನ್ ತಟ್ಟೆಗೆ ಬೇಕಾದ ಅರಗು ಬಹುಪಾಲು ನಮ್ಮ ಭಾರತದಿಂದಲೇ ಹೋಗುತ್ತಿದ್ದುದರಿಂದ, ಯುದ್ಧದಲ್ಲಿ ಅದರ ಸರಬರಾಜು ಕುಗ್ಗಿ, ಜೊತೆಗೆ 1942ರಲ್ಲಿ ವಾದ್ಯಗಾರರ ಸಂಘವು ಧ್ವನಿಮುದ್ರಣದ ವಿರುದ್ಧ ಮುಷ್ಕರ ಹೂಡಿದಾಗ, ದೊಡ್ಡ ಕಂಪೆನಿಗಳು ಈ ಸಂಗೀತವನ್ನು ಅಲಕ್ಷಿಸಿದವು. ತೆರವಾದ ಸ್ಥಳವನ್ನು ಸಿನ್ಸಿನಾಟಿಯ ಕಿಂಗ್, ನ್ಯೂಯಾರ್ಕಿನ ಅಟ್ಲಾಂಟಿಕ್, ಷಿಕಾಗೊದ ಚೆಸ್ ಮೊದಲಾದ ಚಿಕ್ಕ ಸಂಸ್ಥೆಗಳು ತುಂಬಿದವು. ನ್ಯೂ ಆರ್ಲಿಯನ್ಸಿನಲ್ಲಿ ಕಾಸಿಮೊ ಮಟಾಸರ ಪುಟ್ಟ ಮುದ್ರಣಶಾಲೆಯಲ್ಲಿ 1949ರ ಡಿಸೆಂಬರಿನಲ್ಲಿ ಫ್ಯಾಟ್ಸ್ ಡಾಮಿನೊ ತಮ್ಮ ಮೊದಲ ತಟ್ಟೆಯ ಹಾಡುಗಳನ್ನು ಹಾಡಿದರು. ಅದುವರೆಗೆ ಜನಾಂಗದ ಹೆಸರಿನಿಂದಲೇ ಇಂಥ ಮುದ್ರಿಕೆಗಳನ್ನು ಪಟ್ಟಿಮಾಡುತ್ತಿದ್ದ 'ಬಿಲ್‌ಬೋರ್ಡ್' ಪತ್ರಿಕೆಯು ಅದೇ ವರ್ಷದ ಜೂನಿನಲ್ಲಿ, ಅಲ್ಲಿ ಬರೆಯುತ್ತಿದ್ದ ಜೆರ್ರಿ ವೆಕ್ಸ್ಲರರ ಸೂಚನೆಯಂತೆ, ಪಟ್ಟಿಗೆ ರಿದಮ್ ಅಂಡ್ ಬ್ಲೂಸ್ ಎಂದು ಹೆಸರಿಟ್ಟಿತು.

1954ರಲ್ಲಿ ರೇ ಚಾರ್ಲ್ಸರು ಇಗರ್ಜಿಯ ಗಾನಶೈಲಿಯನ್ನು ಲೌಕಿಕ ಪ್ರೇಮಗೀತಕ್ಕೆ ನೇರವಾಗಿ ಅನ್ವಯಿಸಿದಾಗ ಆಕ್ಷೇಪಿಸಿದ ಭಕ್ತರೂ ಇದ್ದರು. ಆದರೆ ಸೋಲ್ ಎಂಬ ಮುಂದಣ ಮಾರ್ಗಕ್ಕೆ ಅಲ್ಲಿಯೇ ಅಡಿಗಲ್ಲು ಬಿದ್ದಿತು. ರಾಕ್ ಅಂಡ್ ರೋಲ್ ಕೂಡ ಇದೇ ಮೂಲದಿಂದ ಹೊರಟುದು. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಹಾಡಿದ 'ಹೌಂಡ್ ಡಾಗ್' ಗೀತವನ್ನು 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೆಸ್ಲಿ ಹಾಡಲು, ಲೋಕದ ಕೀರ್ತಿಯೆಲ್ಲ ಆತನ ಪಾಲಾಯಿತು. ಅಟ್ಲಾಂಟಿಕ್ ಸಂಸ್ಥೆಯ ಆರಂಭದ ಏಳಿಗೆಗೆ ಆಧಾರಸ್ತಂಭವಾಗಿದ್ದ ಗಾಯಕಿ ರೂತ್ ಬ್ರೌನ್, ಮುಂದೆ ಮನೆಗೆಲಸ ಮಾಡಿ, ಶಾಲೆಯ ಬಸ್ಸು ನಡೆಸಿ ಜೀವಿಸಬೇಕಾಯಿತು. ಆದರೂ ಆಕೆ ಧೃತಿಗೆಡದೆ ತನ್ನ ತಟ್ಟೆಗಳ ಗೌರವಧನಕ್ಕಾಗಿ ವರ್ಷಗಟ್ಟಲೆ ಹೋರಾಡಿದುದರ ಫಲವಾಗಿ 1988ರಲ್ಲಿ ಹಳೆಯ ಕಲಾವಿದರ ನೆರವಿಗೆಂದೇ ಒಂದು ಪ್ರತಿಷ್ಠಾನ ಸ್ಥಾಪಿತವಾಯಿತು. ಇಂದು ಜಗತ್ತಿನ ಎಲ್ಲೆಡೆ ಈ ಸಂಗೀತಕ್ಕೆ ಹೆಜ್ಜೆ ಹಾಕುವವರು ಅದನ್ನು ಸೃಷ್ಟಿಸಿದವರ ಹೆಸರನ್ನೂ ಅವರು ತೆತ್ತ ಬೆಲೆಯನ್ನೂ ಅರಿತಿರುವುದು ನ್ಯಾಯ. ಕಲೆಯನ್ನು ಸವಿದು ಕಲಾವಿದನನ್ನು ಮರೆಯುವ ರಸಿಕತೆ ಅಪೂರ್ಣವಾದುದು.