ಬೆಲ್ಟೇನ್ ಕಿಚ್ಚಿನಿಂದ ಮೇ ಕಂಬದವರೆಗೆ: ಬ್ರಿಟನ್, ಐರ್ಲೆಂಡ್‌ಗಳಲ್ಲಿ ಬೇಸಿಗೆಯ ಸ್ವಾಗತ

ಮೇ ಒಂದು ಎಂದೊಡನೆ ಕಾರ್ಮಿಕರ ದಿನಾಚರಣೆ ನೆನಪಿಗೆ ಬರುವುದು ಸಹಜ. ಆದರೆ 1890ರಲ್ಲಿ ಕಾರ್ಮಿಕ ಚಳವಳಿಯು ಈ ದಿನವನ್ನು ತನ್ನದಾಗಿಸಿಕೊಳ್ಳುವುದಕ್ಕೆ ಶತಮಾನಗಳ ಮೊದಲೇ ಐರ್ಲೆಂಡ್ ಹಾಗೂ ಬ್ರಿಟನ್‌ನ ಹಳ್ಳಿಗರಿಗೆ ಅದು ಬೇಸಿಗೆಯನ್ನು ಬರಮಾಡಿಕೊಳ್ಳುವ ಹಬ್ಬವಾಗಿತ್ತು. ದೀರ್ಘ ಚಳಿಗಾಲದ ಆ ನಾಡುಗಳಲ್ಲಿ ಬೇಸಿಗೆ ಎಂದರೆ ಬಿಸಿಲಿನ ಬೇಗೆಯಲ್ಲ. ಹುಲ್ಲು, ಹಾಲು ಮತ್ತು ಹೂವುಗಳ ಕಾಲ.

ಈ ಸ್ವಾಗತಕ್ಕೆ ಎರಡು ರೂಪಗಳಿವೆ. ಒಂದು ಗೇಲಿಕ್ ದನಗಾಹಿಗಳ ಬೆಂಕಿ, ಇನ್ನೊಂದು ಇಂಗ್ಲಿಷರ ಹೂಗೊಂಬೆ ಮತ್ತು ಕಂಬ. ಇವೆರಡೂ ಪ್ರಾಚೀನ ಕೆಲ್ಟಿಕ್ ಧರ್ಮದಿಂದ ಅಖಂಡವಾಗಿ ಹರಿದುಬಂದವು ಎಂಬ ಜನಪ್ರಿಯ ನಂಬಿಕೆಗೆ ದಾಖಲೆಗಳ ಬೆಂಬಲ ಸಿಗುವುದಿಲ್ಲ.

ದನಗಾಹಿಗಳ ಕಿಚ್ಚು

ಐರ್ಲೆಂಡ್, ಸ್ಕಾಟ್ಲೆಂಡ್ ಹಾಗೂ ಮ್ಯಾನ್ ದ್ವೀಪದ ಜನರು ಕೆಲ್ಟಿಕ್ ಬಳಗದ ಗೇಲಿಕ್ ಭಾಷೆಗಳನ್ನು ಆಡುತ್ತಿದ್ದರು. ನವೆಂಬರ್ 1 ಅವರಿಗೆ ಚಳಿಗಾಲದ ಆರಂಭ, ಮೇ 1ರ ‘ಬೆಲ್ಟೇನ್’ ಬೇಸಿಗೆಯ ಆರಂಭ. ಬೆಲ್ಟೇನ್ ಕುರಿತ ಹಳೆಯ ವಿವರಗಳಲ್ಲೊಂದು, 908ರಲ್ಲಿ ಮಡಿದ ಐರ್ಲೆಂಡ್‌ನ ದೊರೆ ಹಾಗೂ ಬಿಷಪ್ ಕೊರ್ಮಕ್‌ನ ಹೆಸರಿನಲ್ಲಿರುವ ಶಬ್ದಕೋಶದಲ್ಲಿ ದೊರೆಯುತ್ತದೆ. ಅದರ ಪ್ರಕಾರ ಡ್ರೂಯಿಡ್ ಪುರೋಹಿತರು ಮಂತ್ರ ಪಠಿಸಿ ಎರಡು ಕಡೆ ಬೆಂಕಿ ಹೊತ್ತಿಸುತ್ತಿದ್ದರು. ವರ್ಷವಿಡೀ ರೋಗ ತಟ್ಟದಿರಲೆಂದು ಜಾನುವಾರುಗಳನ್ನು ಆ ಎರಡು ಕಿಚ್ಚುಗಳ ನಡುವೆ ಹಾಯಿಸಲಾಗುತ್ತಿತ್ತು. ಇದನ್ನು ಬರೆದಿಟ್ಟದ್ದು ಕ್ರೈಸ್ತ ಯುಗದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಆಚರಣೆಯ ಹಿಂದೆ ಹೊಟ್ಟೆಪಾಡಿನ ಆತಂಕವಿತ್ತು. ದನಕರುಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಅಟ್ಟುವ ಸಮಯವದು. ಹಾಲು, ಬೆಣ್ಣೆಯನ್ನೇ ನಂಬಿದ ಕುಟುಂಬಕ್ಕೆ ಹಸು ಕಾಯಿಲೆ ಬಿದ್ದರೆ ಹಸಿವೇ ಗತಿ. ಮೇ ಒಂದರಂದು ಮನೆಯಿಂದ ಕೆಂಡವನ್ನಾಗಲಿ, ಹಾಲನ್ನಾಗಲಿ ಹೊರಗೆ ಕೊಟ್ಟರೆ ವರ್ಷದ ಹೈನಿನ ಭಾಗ್ಯವೇ ಹೊರಟುಹೋಗುತ್ತದೆ ಎಂದು ಐರ್ಲೆಂಡ್‌ನ ಹಳ್ಳಿಗರು ನಂಬಿದ್ದರು. ಬಾಗಿಲಿಗೆ ಹಳದಿ ಹೂಗಳನ್ನು ಇಡುತ್ತಿದ್ದರು.

1769ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಸಂಚರಿಸಿದ ಥಾಮಸ್ ಪೆನಂಟ್ ಇನ್ನೊಂದು ವಿವರ ನೀಡಿದ್ದಾನೆ. ದನಗಾಹಿಗಳು ಬೆಂಕಿಯ ಮೇಲೆ ಮೊಟ್ಟೆ, ಬೆಣ್ಣೆ, ಓಟ್ಸ್ ಹಿಟ್ಟು ಮತ್ತು ಹಾಲನ್ನು ಬೇಯಿಸುತ್ತಿದ್ದರು. ಒಂಬತ್ತು ಗುಬುಟುಗಳಿದ್ದ ಓಟ್ಸ್ ರೊಟ್ಟಿಯಿಂದ ಒಂದೊಂದೇ ತುಂಡು ಮುರಿದು ಹೆಗಲ ಹಿಂದಕ್ಕೆ ಎಸೆಯುತ್ತಿದ್ದರು. ಕೆಲವು ತುಂಡುಗಳು ಮಂದೆಯನ್ನು ಕಾಯುವ ಶಕ್ತಿಗಳಿಗೆ. ಇನ್ನು ಕೆಲವು ನರಿ, ಕಾಗೆ, ಹದ್ದುಗಳಿಗೆ, ಮರಿಗಳನ್ನು ಮುಟ್ಟದಿರಲಿ ಎಂಬ ಕೋರಿಕೆಯೊಂದಿಗೆ.

ಇಂಗ್ಲೆಂಡಿನ ಹೂವು, ಕಂಬ

ಇಂಗ್ಲೆಂಡಿನ ಬಹುಭಾಗದಲ್ಲಿ ಬೆಂಕಿಗಿಂತ ಹಸಿರಿಗೆ ಪ್ರಾಶಸ್ತ್ಯವಿತ್ತು. ಯುವಜನರು ಕಾಡಿಗೆ ಹೋಗಿ ಬಿಳಿ ಹೂಬಿಡುವ ಹಾಥಾರ್ನ್ ಕೊಂಬೆಗಳನ್ನು ತಂದು ಮನೆಗಳನ್ನು ಸಿಂಗರಿಸುತ್ತಿದ್ದರು. ಆ ಹೂವಿಗೇ ‘ಮೇ’ ಎಂಬ ಹೆಸರು. 1240ರ ಸುಮಾರಿಗೆ ಲಿಂಕನ್‌ನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್, ಪಾದ್ರಿಗಳೂ ಇಂಥ ಆಟಗಳಲ್ಲಿ ಸೇರುತ್ತಿದ್ದಾರೆಂದು ಆಕ್ಷೇಪಿಸಿದ್ದನು. ಹೂಮಾಲೆಗಳಿಂದ ಅಲಂಕರಿಸಿದ ‘ಮೇಪೋಲ್’ ಅಥವಾ ಮೇ ಕಂಬದ ಪ್ರಸ್ತಾಪ 14ನೇ ಶತಮಾನದ ವೇಲ್ಸ್ ಭಾಷೆಯ ಕಾವ್ಯದಲ್ಲಿದೆ.

1890ರಲ್ಲಿ ಪ್ರಕಟವಾದ ಜೇಮ್ಸ್ ಫ್ರೇಜರ್ ಅವರ ‘ದಿ ಗೋಲ್ಡನ್ ಬೌ’ ಗ್ರಂಥವು ಮೇ ಕಂಬವನ್ನು ಪ್ರಾಚೀನ ವೃಕ್ಷಪೂಜೆಯ ಪಳೆಯುಳಿಕೆ ಎಂದು ವಿವರಿಸಿತು. ಇದಕ್ಕೆ ಆಧಾರವಿಲ್ಲವೆಂಬುದು ಇತಿಹಾಸಕಾರ ರೊನಾಲ್ಡ್ ಹಟನ್ ಅವರ ವಾದ. ಕಂಬವು ಮುಖ್ಯವಾಗಿ ಹೂಮಾಲೆ ತೂಗುಹಾಕುವ ಸಾಧನವಾಗಿತ್ತು ಎಂಬುದು ಅವರ ಅಭಿಪ್ರಾಯ.

ನಿಷೇಧ ಮತ್ತು ಪುನರಾಗಮನ

ಹಬ್ಬದ ಸಂಭ್ರಮವು ಆಳುವವರಿಗೂ ಧರ್ಮೋಪದೇಶಕರಿಗೂ ಹಲವು ಬಾರಿ ಕಣ್ಣುಕಿಸುರಾಯಿತು. 1517ರ ಮೇ ದಿನದಂದು ಲಂಡನ್‌ನಲ್ಲಿ ವಿದೇಶೀಯರ ವಿರುದ್ಧ ಗಲಭೆ ನಡೆದ ಬಳಿಕ ಅಲ್ಲಿನ ಪ್ರಸಿದ್ಧ ಮೇ ಕಂಬವೊಂದನ್ನು ಮತ್ತೆ ನಿಲ್ಲಿಸಲಿಲ್ಲ. 1549ರಲ್ಲಿ ಉಪದೇಶಕನೊಬ್ಬ ಅದನ್ನು ವಿಗ್ರಹವೆಂದು ಹಳಿದಾಗ ನಿವಾಸಿಗಳೇ ಅದನ್ನು ತುಂಡರಿಸಿ ಸುಟ್ಟರು. 1618ರಲ್ಲಿ ದೊರೆ ಒಂದನೇ ಜೇಮ್ಸ್ ಮೇ ಆಟಗಳಿಗೆ ಅನುಮತಿ ಘೋಷಿಸಿದನು. 1644ರಲ್ಲಿ ಪ್ಯೂರಿಟನ್ ಪ್ರಾಬಲ್ಯದ ಸಂಸತ್ತು ಮೇ ಕಂಬಗಳನ್ನು ಕೆಡವಲು ಆದೇಶಿಸಿತು.

1660ರಲ್ಲಿ ರಾಜಪ್ರಭುತ್ವ ಮರಳಿದೊಡನೆ ಕಂಬಗಳೂ ಮರಳಿದವು. ಮರುವರ್ಷ ಲಂಡನ್‌ನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿ ಎತ್ತರದ ಕಂಬ ಎದ್ದುನಿಂತಿತು. ಮುಂದೆ ಆ ಸ್ಥಳದ ಕಂಬವನ್ನು ಇಳಿಸಿದಾಗ, 1717ರ ಸುಮಾರಿಗೆ, ವಿಜ್ಞಾನಿ ಐಸಾಕ್ ನ್ಯೂಟನ್ ಅದನ್ನು ಪಡೆದು ವಾನ್‌ಸ್ಟೆಡ್‌ನಲ್ಲಿ ದೂರದರ್ಶಕವೊಂದಕ್ಕೆ ಆಧಾರವಾಗಿ ಬಳಸಲು ಕಳುಹಿಸಿದರು.

ಬದಲಾದ ರೂಪ

1752ರಲ್ಲಿ ಬ್ರಿಟನ್ ಗ್ರೆಗೋರಿಯನ್ ಕ್ಯಾಲೆಂಡರನ್ನು ಅಳವಡಿಸಿಕೊಂಡಾಗ 11 ದಿನಗಳನ್ನು ಕೈಬಿಡಲಾಯಿತು. ಪರಿಣಾಮವಾಗಿ ಮೇ ಒಂದು ಋತುಚಕ್ರದಲ್ಲಿ ಅಷ್ಟು ಮುಂಚಿತವಾಗಿ ಬರತೊಡಗಿತು. ಹಬ್ಬದ ದಿನ ಹಾಥಾರ್ನ್ ಹಲವೆಡೆ ಇನ್ನೂ ಮೊಗ್ಗಿನಲ್ಲೇ ಇರುತ್ತದೆ. ಜಡೆಕೋಲಾಟದಂತೆ ಮಕ್ಕಳು ಬಣ್ಣದ ಪಟ್ಟಿಗಳನ್ನು ಕಂಬಕ್ಕೆ ಹೆಣೆಯುವ ನೃತ್ಯವೂ ಪ್ರಾಚೀನವಲ್ಲ, 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿದ್ದು. ಎಡಿನ್‌ಬರೋದ ಕಾಲ್ಟನ್ ಬೆಟ್ಟದ ಬೆಲ್ಟೇನ್ ಅಗ್ನಿ ಉತ್ಸವ ಪ್ರಾರಂಭವಾದದ್ದು 1988ರಲ್ಲಿ.

ಇಂದಿಗೂ ಮೇ ಒಂದರಂದು ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಕಾಲೇಜಿನ ಗೋಪುರದ ಮೇಲೆ ಮುಂಜಾನೆ ಆರಕ್ಕೆ ಗಾಯನವೃಂದ ಹಾಡುತ್ತದೆ. ಕಾರ್ನ್‌ವಾಲ್‌ನ ಪ್ಯಾಡ್‌ಸ್ಟೋ ಪಟ್ಟಣದಲ್ಲಿ ಮುಖವಾಡ ತೊಟ್ಟ ಕಪ್ಪು ‘ಕುದುರೆ’ಗಳು ಬೀದಿಗಳಲ್ಲಿ ಕುಣಿಯುತ್ತವೆ.

1978ರಲ್ಲಿ ಲೇಬರ್ ಸರ್ಕಾರವು ಮೇ ತಿಂಗಳ ಮೊದಲ ಸೋಮವಾರವನ್ನು ಸಾರ್ವಜನಿಕ ರಜೆಯನ್ನಾಗಿಸಿತು. 2011ರಲ್ಲಿ ಈ ರಜೆಯನ್ನು ಅಕ್ಟೋಬರ್‌ಗೆ ವರ್ಗಾಯಿಸುವ ಪ್ರಸ್ತಾಪ ಬಂದಿತಾದರೂ ಅದು ಜಾರಿಯಾಗಲಿಲ್ಲ. ಸಂಸತ್ತಿನ ಆದೇಶದಿಂದ ಒಮ್ಮೆ ಉರುಳಿದ್ದ ಹಬ್ಬಕ್ಕೆ ಈಗ ಸರ್ಕಾರಿ ರಜೆಯ ಆಸರೆ ಇದೆ.